ಮನೆಗೆ ಉಳಿದ ತಾಳ್ಮೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಒಂದು ಉದ್ದನೆಯ ವಿಷಯ ಅಚ್ಚಾಗಿದೆ: "ಕಾಲೇಜು ಶಿಕ್ಷಕರಲ್ಲಿ ಭಾವನಾತ್ಮಕ ಬುದ್ಧಿವಂತಿಕೆ ಮತ್ತು ಕೆಲಸ–ಬದುಕಿನ ಸಮತೋಲನ." ಪತ್ರಿಕೆ ಮನೆಗೆ ಬಂದ ದಿನ ನಮ್ಮ ಮನೆಯವರು ಅದನ್ನು ಎರಡು ಸಲ ಓದಿದರು. ಆಮೇಲೆ ಚಷ್ಮಾ ತೆಗೆದು, "ಏನ್ರೀ, ನಿಮಗ ಈ ವಿಷಯ ಕೊಟ್ಟವರು ಯಾರ್ರೀ?" ಅಂದರು. ಅವರು ನಕ್ಕ ರೀತಿ ನೋಡಿ ನನಗೆ ಭಾಷಣದ ಅರ್ಧ ಅಲ್ಲೇ ತಯಾರಾಯಿತು. ಇನ್ನರ್ಧಕ್ಕೆ ಈ ಶಾಲೆಯೇ ಕಾರಣ. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಇಲ್ಲಿ ಎಂಟನೆಯ ಇಯತ್ತೆಗೆ ಸೇರಿದ್ದು 1976ರಲ್ಲಿ. 1979ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಧಾರವಾಡಕ್ಕೆ ಹೋದೆ. 1989ರಿಂದ 2023ರವರೆಗೆ, 34 ವರ್ಷ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದೆ. ಬಹುಪಾಲು ಸೇವೆ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದ ಸಪ್ತಾಪುರದಲ್ಲಿ. ನಮ್ಮ ಮನೆಯವರೂ ಹುಬ್ಬಳ್ಳಿಯ ಇನ್ನೊಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿದವರು. "ದಿನಾ ಎರಡ್ ತಾಸು ಮಾತಾಡಿ ಬರೋ ನೌಕರಿ. ಫ್ಯಾನಿನ ಕೆಳಗ ಕುಂತು ಪಗಾರ ಎಣಿಸೋರಿಗೆ ಅದೆಂಥಾ ದಣಿವು?" ಎಂದು ನನ್ನ ಸ್ವಂತ ಕಾಕಾ ಕೇಳಿದ್ದರು. ಕಾಕಾನ ಎದುರಿಗೆ ಆಗ ಉತ್ತರ ಬರಲಿಲ್ಲ. ನಮ್ಮ ಕಡೆ ಪ್ರೊಫೆಸರ್ ಅಂದರೆ ಒಂದು ದೊಡ್ಡ ಗೌರವ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂತು, 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. ಅಂದಿನಿಂದ ಈ ಅವಳಿ ನಗರದಲ್ಲಿ ಕಾಲೇಜಿನ ಮಾಸ್ತರನಿಗೆ ಬಾಡಿಗೆ ಮನೆ ಬೇಗ ಸಿಗುತ್ತದೆ, ಹೆಣ್ಣೂ ಬೇಗ ಸಿಗುತ್ತದೆ! ಅವನಿಗೆ ದಣಿವಾಗುತ್ತದೆ ಅಂದರೆ ಮಾತ್ರ ಯಾರೂ ನಂಬುವುದಿಲ್ಲ. ಕಾಕಾನ ದಣಿವು ರಾತ್ರಿ ಮಲಗಿದರೆ ಇಳಿಯುವಂಥದು. ನಮ್ಮದು ಬೇರೆ ಥರದ್ದು. ಅದು ನಮ್ಮ ಮೈಮೇಲೆ ಕಾಣುವುದಿಲ್ಲ, ಮನೆಯವರ ಮೇಲೆ ಕಾಣುತ್ತದೆ.

ಭಾವನಾತ್ಮಕ ಬುದ್ಧಿವಂತಿಕೆ ಎಂಬ ಮಾತಿನ ಅರ್ಥ ಸುಲಭ. ನನ್ನೊಳಗೆ ಏನು ನಡೆದಿದೆ ಎಂದು ನನಗೆ ಗೊತ್ತಿರಬೇಕು. ಎದುರಿನವರೊಳಗೆ ಏನು ನಡೆದಿದೆ ಎಂದು ತಿಳಿಯಬೇಕು. ಎರಡನ್ನೂ ತಿಳಿದು ಮಾತಾಡಬೇಕು. 1990ರಲ್ಲಿ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಈ ಹೆಸರಿನ ಲೇಖನ ಬರೆದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕದಿಂದ ಅದು ಎಲ್ಲ ಕಡೆ ಹರಡಿತು. ನಮ್ಮ ಅವ್ವ ಇವರಾರನ್ನೂ ಓದಿರಲಿಲ್ಲ. ಅವಳದು ಎರಡನೆಯ ಇಯತ್ತೆಗೇ ನಿಂತ ಓದು. ನಾನು ಶಾಲೆಯಿಂದ ಬಂದು ಪಾಟಿಚೀಲ ಇಳಿಸುವುದರೊಳಗೆ, "ಯಾಕೋ, ಮಾರಿ ಯಾಕ ಸಣ್ಣದಾಗೇತಿ?" ಎಂದು ಕೇಳುತ್ತಿದ್ದಳು. ಮಾರಿ ನೋಡಿ ಮಾತಾಡುವುದು ಅಂತ ನಾವು ಅನ್ನುತ್ತೇವಲ್ಲ, ಅದೇ ಇದು. ಅವ್ವನಿಗೆ ಇದ್ದದ್ದು ಎಂ.ಎ. ಓದಿದ ಮಗನಿಗೆ ಬಂದಿತ್ತೇ ಎಂಬುದು ಪ್ರಶ್ನೆ. ಬಂದಿರಲಿಲ್ಲ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ.

ನಿವೃತ್ತಿಗೆ ಒಂದು ವರ್ಷ ಇತ್ತು. ಬಿ.ಎ. ಮೊದಲ ವರ್ಷದ ತರಗತಿ, ಮುಂಜಾನೆಯ ಮೊದಲ ತಾಸು. ಹಿಂದಿನ ಬಾಕಿನ ಮೇಲೆ ಒಬ್ಬ ಹುಡುಗ ತಲೆ ಇಟ್ಟು ಮಲಗಿದ್ದ. ನಾನು ಡಸ್ಟರ್ ಮೇಜಿಗೆ ಬಡಿದೆ. ಎದ್ದ. "ಇದೇನು ಧರ್ಮಶಾಲೆಯೇನೋ? ನಿಮ್ಮಪ್ಪ ಮಲಗಲಿಕ್ಕೆ ಫೀ ಕಟ್ಟ್ಯಾನೇನು?" ಎಂದೆ. ತರಗತಿ ನಕ್ಕಿತು. ನಗು ಕೇಳಿ ನನಗೆ ಹುರುಪು ಬಂತು, ಇನ್ನೂ ಎರಡು ಮಾತು ಸೇರಿಸಿದೆ. ಅವು ಇಲ್ಲಿ ಮಕ್ಕಳ ಮುಂದೆ ಹೇಳುವಂಥವಲ್ಲ. ಹುಡುಗ ಏನೂ ಅನ್ನಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದ.

ನಮ್ಮ ವಿಭಾಗದಲ್ಲಿ ಒಬ್ಬ ಅತಿಥಿ ಉಪನ್ಯಾಸಕಿ ಇದ್ದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವರು, "ಸರ್, ಆ ಹುಡುಗ ಅಮರಗೋಳ ಎ.ಪಿ.ಎಂ.ಸಿ.ಯೊಳಗ ರಾತ್ರಿ ಉಳ್ಳಾಗಡ್ಡಿ ಚೀಲ ಇಳಸ್ತಾನ್ರಿ. ಸೀಜನ್ ಅಲ್ರಿ, ಎರಡು ಗಂಟೆ ಆಗ್ತದ ಮುಗಿಯೂದು" ಎಂದರು. "ನಿಮಗ ಹ್ಯಾಂಗ ಗೊತ್ತಾತು?" ಎಂದೆ. "ಒಂದಿನ ನನ್ನ ಕ್ಲಾಸಿನ್ಯಾಗೂ ಮಲಗಿದ್ದ. ರಾತ್ರಿ ಎಷ್ಟೊತ್ತಿಗೆ ಮಲಗೀಪ್ಪಾ ಅಂತ ಕೇಳಿದೆ, ಹೇಳಿದ."

ಇಷ್ಟೇ ವ್ಯತ್ಯಾಸ. ಅವರು ಒಂದು ಪ್ರಶ್ನೆ ಕೇಳಿದರು, ನಾನು ಡಸ್ಟರ್ ಬಡಿದೆ. ನನ್ನ ಅನುಭವ 33 ವರ್ಷದ್ದು, ಅವರದು ಐದೋ ಆರೋ.

ಅವತ್ತು ನಾನು ಹಾಗೇಕೆ ಮಾಡಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಾನು ಸಿಟ್ಟಿನ ಮನುಷ್ಯ ಅಲ್ಲ. ನನ್ನ ವಿದ್ಯಾರ್ಥಿಗಳು ನಾಲ್ಕೈದು ಜನ ಇಲ್ಲಿಯೇ ಇದ್ದಾರೆ, ಕೇಳಿ ನೋಡಿ. ಹಿಂದಿನ ರಾತ್ರಿ ನಾನು ಒಂದು ಗಂಟೆಯವರೆಗೆ ಕಂಪ್ಯೂಟರಿನ ಮುಂದೆ ಕೂತಿದ್ದೆ. ಆಂತರಿಕ ಅಂಕಗಳನ್ನು ಯು.ಯು.ಸಿ.ಎಂ.ಎಸ್. ಎಂಬ ತಂತ್ರಾಂಶದಲ್ಲಿ ತುಂಬುವ ಕೊನೆಯ ದಿನ. ಕೊನೆಯ ದಿನ ರಾಜ್ಯದ ಮಾಸ್ತರರೆಲ್ಲ ಒಮ್ಮೆಲೇ ಅದರ ಬಾಗಿಲು ತಟ್ಟುತ್ತಾರೆ, ಅದು ತೆರೆಯುವುದಿಲ್ಲ. ಇಪ್ಪತ್ತು ಮಂದಿಯ ಅಂಕ ತುಂಬಿದಾಗ ಪರದೆ ಬೆಳ್ಳಗಾಗುತ್ತದೆ, ಮತ್ತೆ ಮೊದಲಿನಿಂದ. ನಾನೂ ನಿದ್ದೆಗೆಟ್ಟವನು, ಅವನೂ ನಿದ್ದೆಗೆಟ್ಟವನು. ಅಂಥ ಎರಡು ಜೀವ ಮುಂಜಾನೆ ಎಂಟು ಗಂಟೆಗೆ ಒಂದು ಕೋಣೆಯಲ್ಲಿ ಎದುರಾದವು. ಒಬ್ಬನ ಕೈಯಲ್ಲಿ ಡಸ್ಟರ್ ಇತ್ತು.

ಹುಡುಗನನ್ನು ಕಂಡು ತಪ್ಪಾಯಿತು ಅನ್ನಲಿಕ್ಕೆ ನನಗೆ ನಾಲ್ಕು ದಿನ ಬೇಕಾಯಿತು. ಕಾರಿಡಾರಿನಲ್ಲಿ ಸಿಕ್ಕಾಗ ಹೇಳಿದೆ. "ಇರ್ಲಿ ಬಿಡ್ರಿ ಸರ್, ನಮ್ಮಪ್ಪನೂ ಬೈತಾನ" ಎಂದು ನಕ್ಕ. ಬೈದದ್ದು ಅರವತ್ತು ಮಂದಿಯ ಮುಂದೆ, ತಪ್ಪೊಪ್ಪಿಕೊಂಡದ್ದು ಕಾರಿಡಾರಿನಲ್ಲಿ, ಯಾರೂ ಇಲ್ಲದಾಗ. ಆ ಲೆಕ್ಕ ನಾನು ಇನ್ನೂ ಚುಕ್ತಾ ಮಾಡಿಲ್ಲ.

ಅದಕ್ಕೇ ನನಗೆ ಅನಿಸುವುದು, ಆಮಂತ್ರಣ ಪತ್ರಿಕೆಯಲ್ಲಿ "ಮತ್ತು" ಹಾಕಿ ಜೋಡಿಸಿದ ಈ ಎರಡು ವಿಷಯ ಬೇರೆಬೇರೆ ಅಲ್ಲ. ದಣಿದವನಿಗೆ ಇನ್ನೊಬ್ಬರ ಮಾರಿ ಕಾಣುವುದಿಲ್ಲ. ಭಾವನಾತ್ಮಕ ಬುದ್ಧಿವಂತಿಕೆಯ ಬಗ್ಗೆ ಕಾಲೇಜುಗಳಲ್ಲಿ ಕಾರ್ಯಾಗಾರ ಮಾಡುತ್ತಾರೆ, ನಾನೂ ಎರಡು ಮೂರಕ್ಕೆ ಹೋಗಿದ್ದೇನೆ. ಉಸಿರು ಎಳೆದುಕೊಳ್ಳಿ, ಹತ್ತು ಎಣಿಸಿ ಅನ್ನುತ್ತಾರೆ. ಒಳ್ಳೆಯದೇ. ಆದರೆ ಒಂದು ಕಾರ್ಯಾಗಾರವನ್ನು ರವಿವಾರ ಇಟ್ಟಿದ್ದರು!

ನಮ್ಮ ಕೆಲಸದ ಲೆಕ್ಕ ಊರಿನವರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದ ಪ್ರಕಾರ ಕಾಲೇಜು ಶಿಕ್ಷಕರ ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆ ಇರಬಾರದು. ಅದರಲ್ಲಿ ನೇರ ಪಾಠ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ 14 ಗಂಟೆ. ಕಾಕಾ ಎಣಿಸಿದ್ದು ಈ 16ನ್ನು. ಉಳಿದ 24 ಗಂಟೆ ಓದಿಗೆ, ತಯಾರಿಗೆ, ಮಕ್ಕಳ ಜೊತೆ ಮಾತಿಗೆ ಎಂದು ನಾನು ನೌಕರಿಗೆ ಸೇರಿದಾಗ ತಿಳಿದಿದ್ದೆ. ಆ 24ರೊಳಗೆ ಒಂದೊಂದೇ ಬಂದು ಕೂತವು. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂದಾಗ ಒಂದು ಪರೀಕ್ಷೆ ಎರಡಾಯಿತು. 1994ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಕ್ ನಮ್ಮ ಕಾಲೇಜುಗಳಿಗೂ ಬಂತು. ಏಳು ಮಾನದಂಡ, ಪ್ರತಿಯೊಂದಕ್ಕೂ ಸಾಕ್ಷಿ ಬೇಕು. ಗಿಡ ನೆಟ್ಟರೆ ಗಿಡ ಹತ್ತಿತೋ ಇಲ್ಲವೋ, ಫೋಟೊ ಇರಬೇಕು. ನ್ಯಾಕ್ ಕೆಟ್ಟದ್ದು ಅನ್ನುತ್ತಿಲ್ಲ, ಅದರ ನೆವದಿಂದ ನಮ್ಮ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದವು. 2021ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯ ಬಂತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ. ಹೊಸದರ ಟಿಪ್ಪಣಿ ಮಾಡಿ ಮುಗಿಸುವುದರೊಳಗೆ ಅದು ಹಳತಾಯಿತು. ಎಲ್ಲಕ್ಕಿಂತ ಮೇಲೆ ವಾಟ್ಸಾಪ್. ರಾತ್ರಿ ಹತ್ತೂವರೆಗೆ "ನಾಳೆ ಮುಂಜಾನೆ ಹತ್ತರೊಳಗೆ ಮಾಹಿತಿ ಕಳಿಸಿ" ಎಂಬ ಸಂದೇಶ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಕೆಲಸದ ಹೊತ್ತು ಮುಗಿದ ಮೇಲೆ ಇಂಥ ಸಂದೇಶಗಳಿಂದ ದೂರ ಇರುವ ಹಕ್ಕನ್ನು ಕಾನೂನಿಗೇ ಸೇರಿಸಿದ್ದಾರೆ. ನಮ್ಮಲ್ಲಿ ಸಂದೇಶ ಬಂದ ಎರಡು ನಿಮಿಷದೊಳಗೆ ಹೆಬ್ಬೆರಳು ಎತ್ತದಿದ್ದರೆ ಮಾರನೆಯ ದಿನ, "ಯಾಕ್ ಸರ್, ಆರಾಮ ಇಲ್ಲೇನ್ರಿ?" ಎಂದು ವಿಚಾರಿಸುತ್ತಾರೆ.

ಇದು ಹೊರಗಿನವರ ಮೇಲಿನ ದೂರು. ಇನ್ನು ನನ್ನ ಮೇಲಿನದು.

ಚಿಗರಿ ಬಸ್ಸು ಬರುವ ಮೊದಲಿನ ಕಾಲ. ನಾನೂ ನಮ್ಮ ಮನೆಯವರೂ ಸಂಜೆ ಹುಬ್ಬಳ್ಳಿಯಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಇಪ್ಪತ್ತು ಕಿಲೋಮೀಟರು, ಬಸ್ಸು ಉಣಕಲ್ಲಿನಲ್ಲಿ ನಿಂತು, ನವನಗರದಲ್ಲಿ ನಿಂತು, ಒಂದು ತಾಸು ತೆಗೆದುಕೊಳ್ಳುತ್ತಿತ್ತು. ನಾನು ಪೇಪರ್ ಓದುತ್ತಿದ್ದೆ. ಅವರು ಸಂತೆಯಲ್ಲಿ ಕೊಂಡ ಮೆಂತೆಪಲ್ಯದ ಸಿವುಡು ತೊಡೆಯ ಮೇಲೆ ಇಟ್ಟುಕೊಂಡು ಸೋಸುತ್ತಿದ್ದರು. ಆ ಬಸ್ಸಿನಲ್ಲಿ ಇನ್ನೂ ಮೂರು ನಾಲ್ಕು ಮಂದಿ ಉಪನ್ಯಾಸಕಿಯರು ಪಲ್ಯ ಸೋಸುತ್ತಿದ್ದರು, ಅವರೆಕಾಯಿ ಕಾಲದಲ್ಲಿ ಕಾಯಿ ಬಿಡಿಸುತ್ತಿದ್ದರು. ವಿದ್ಯಾರ್ಥಿಗಳು ಹತ್ತಿದರೆ ಪಲ್ಯದ ಚೀಲ ಸೀಟಿನ ಕೆಳಗೆ ಹೋಗುತ್ತಿತ್ತು. ಇಬ್ಬರದೂ ಒಂದೇ ಹುದ್ದೆ, ಒಂದೇ ವೇತನ ಶ್ರೇಣಿ. ಅವರು ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು ನಾಲ್ಕು ಡಬ್ಬಿ ಕಟ್ಟಿ ಹೊರಡುವವರು. ನಾನು ಆರೂವರೆಗೆ ಎದ್ದು ಚಹಾ ಬರಲಿಲ್ಲ ಅನ್ನುವವನು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ಇದರ ಮೇಲೊಂದು ಪುಸ್ತಕ ಬರೆದರು. ನೌಕರಿ ಮುಗಿಸಿ ಮನೆಗೆ ಬಂದ ಹೆಂಗಸಿಗೆ ಅಲ್ಲಿ ಎರಡನೆಯ ಪಾಳಿ ಶುರುವಾಗುತ್ತದೆ ಎಂದು. ಅದನ್ನು ನಾನು ತರಗತಿಯಲ್ಲಿ ಕಲಿಸಿದ್ದೇನೆ, ಪರೀಕ್ಷೆಗೆ ಐದು ಅಂಕಕ್ಕೆ ಕೇಳಿಯೂ ಇದ್ದೇನೆ. ಬಸ್ಸಿನಲ್ಲಿ ಪೇಪರ್ ಮಡಿಸಿಟ್ಟು ಒಂದು ಸಿವುಡು ನನ್ನ ಕಡೆ ತೆಗೆದುಕೊಳ್ಳಬೇಕು ಎಂದು ಮಾತ್ರ ಹೊಳೆಯಲಿಲ್ಲ. ವಿದ್ಯಾರ್ಥಿಗಳು ನೋಡಿದರೆ ಏನೆಂದಾರು ಎಂಬ ನಾಚಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಒಂದು ರಾತ್ರಿ ಒಬ್ಬ ವಿದ್ಯಾರ್ಥಿ ಫೋನ್ ಮಾಡಿದ. ಏನೋ ಮನೆಯ ತಾಪತ್ರಯ, ಕಾಲೇಜು ಬಿಡುತ್ತೇನೆ ಅನ್ನುತ್ತಿದ್ದ. ಮುಕ್ಕಾಲು ತಾಸು ಮಾತಾಡಿ ಸಮಾಧಾನ ಮಾಡಿದೆ. "ಹೌದಪಾ, ಹೇಳು, ಕೇಳ್ತೀನಿ" ಅನ್ನುತ್ತ ಮೆತ್ತಗಿನ ದನಿಯಲ್ಲಿ. ಫೋನ್ ಇಡುವುದರೊಳಗೆ ಮಗಳು ಏನೋ ಕೇಳಲಿಕ್ಕೆ ಬಂದಳು. "ಈಗ ಬ್ಯಾಡ, ತಲಿ ಕೆಟ್ಟೇತಿ, ಹೋಗು" ಎಂದು ಗದರಿದೆ. ಅವಳು ಹೋದಳು. ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ದನಿ ಏರಿಸದೆ, "ನಾವೂ ನಿಮ್ಮ ವಿದ್ಯಾರ್ಥಿ ಆಗಿದ್ದರ ಛಲೋ ಇತ್ತ್ರಿ" ಎಂದರು.

ನಾನು ಅರ್ಥಶಾಸ್ತ್ರದವನು. ಒಂದಕ್ಕೆ ಖರ್ಚು ಮಾಡಿದ್ದು ಇನ್ನೊಂದಕ್ಕೆ ಇರುವುದಿಲ್ಲ ಎಂಬುದು ನಮ್ಮ ಮೊದಲನೆಯ ಪಾಠ. ಹಣದ ವಿಷಯದಲ್ಲಿ ಅದನ್ನು ಸಾವಿರ ಸಲ ಹೇಳಿದ್ದೆ. ತಾಳ್ಮೆಗೂ ಅದೇ ಲೆಕ್ಕ ಎಂದು ಆ ರಾತ್ರಿ ತಿಳಿಯಿತು. ಹಾಕ್‌ಶೀಲ್ಡ್ ಅವರೇ 1983ರಲ್ಲಿ ಬರೆದ ಇನ್ನೊಂದು ಪುಸ್ತಕವಿದೆ. ಅದರಲ್ಲಿ ವಿಮಾನದ ಪರಿಚಾರಿಕೆಯರನ್ನು ಅವರು ನೋಡಿದರು. ನಗುವುದೂ ಅವರ ಕೆಲಸದ ಭಾಗ. ಇಡೀ ದಿನ ಸಂಬಳಕ್ಕೆ ನಕ್ಕ ಮೇಲೆ ಸ್ವಂತಕ್ಕೆ ಎಷ್ಟು ನಗು ಉಳಿಯುತ್ತದೆ ಎಂಬುದು ಅಲ್ಲಿಯ ಪ್ರಶ್ನೆ. ಇದನ್ನು ಭಾವದ ದುಡಿಮೆ ಅನ್ನಬಹುದು. ಮಾಸ್ತರಿಕೆಯಲ್ಲಿ ಈ ದುಡಿಮೆ ಬಹಳ. ಅರವತ್ತು ಮಾರಿಗಳ ಎದುರು ನಿಂತು ಬೇಸರ ತೋರಿಸಬಾರದು, ಪ್ರಾಚಾರ್ಯರ ಎದುರು ಸಿಟ್ಟು ತೋರಿಸಬಾರದು, ಪಾಲಕರ ಎದುರು ದಣಿವು ತೋರಿಸಬಾರದು. ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದು ಸುರುವುತ್ತೇವೆ, ಅಲ್ಲಿ ಯಾರೂ ಮೆಮೊ ಕೊಡುವುದಿಲ್ಲವಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಹೊಸ ಪಟ್ಟಿಯಲ್ಲಿ ಕೆಲಸದಿಂದ ಬರುವ ಬಸವಳಿಕೆಯನ್ನು ಸೇರಿಸಿತು, ಅದೂ ರೋಗವೆಂದಲ್ಲ, ಕೆಲಸದ ಕಡೆಯಿಂದ ಹುಟ್ಟುವ ಸ್ಥಿತಿ ಎಂದು. ಶಕ್ತಿ ಬತ್ತುವುದು, ಕೆಲಸದ ಮೇಲೆ ಮನಸ್ಸು ಹಳಸುವುದು, ಮಾಡಿದ್ದು ಮೊದಲಿನಷ್ಟು ಹದಕ್ಕೆ ಬಾರದಿರುವುದು, ಇವು ಲಕ್ಷಣಗಳು. ಸ್ಟಾಫ್ ರೂಮಿನಲ್ಲಿ ಎರಡನೆಯದನ್ನು ನಾವು ಅನುಭವ ಎಂದು ಕರೆಯುತ್ತಿದ್ದೆವು.

ಇಂಥ ಮಾತು ಆಡಿದಾಗಲೆಲ್ಲ ಯಾರಾದರೂ ಎದ್ದುನಿಂತು ಕಾಯಕದ ಮಾತು ಎತ್ತುತ್ತಾರೆ. ಕಾಯಕ ಅಂದಮೇಲೆ ತಾಸು ಎಣಿಸಬಾರದು ಎಂದು. ನನಗೆ ಆಗೆಲ್ಲ ಆಯ್ದಕ್ಕಿ ಮಾರಯ್ಯನ ಕಥೆ ನೆನಪಾಗುತ್ತದೆ. ನಿಮಗೆಲ್ಲ ಗೊತ್ತಿರುವುದೇ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿದಳು. ಭೇಷ್ ಅನ್ನಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಕಾಯಕವೆಂದರೆ ಮಿತಿಯಿಲ್ಲದ ದುಡಿತ ಎಂದು ನಮಗೆ ಹೇಳಿಕೊಟ್ಟವರು ಈ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಕಾಯಕಕ್ಕೆ ಒಂದು ಅಳತೆ ಉಂಟು, ಆ ಅಳತೆ ಮನೆಯಲ್ಲಿದ್ದವರಿಗೆ ಮೊದಲು ಕಾಣುತ್ತದೆ. ಲಕ್ಕಮ್ಮ ಅಕ್ಕಿಯ ಲೋಭದ ಬಗ್ಗೆ ಹೇಳಿದಳು. ನಾನು ಅದನ್ನು ಕೆಲಸದ ಲೋಭಕ್ಕೂ ಹಚ್ಚಿಕೊಳ್ಳುತ್ತಿದ್ದೇನೆ, ಪಂಡಿತರು ಒಪ್ಪದಿದ್ದರೂ ಸರಿ. ಯಾಕಂದರೆ ನನ್ನಲ್ಲಿ ಆ ಲೋಭ ಇತ್ತು. ಸಮಿತಿಗಳಿಗೆ ಇಲ್ಲ ಅನ್ನಲಿಲ್ಲ. "ಸರ್ ಇಲ್ಲದಿದ್ದರ ಕಾಲೇಜು ನಡೆಯೂದಿಲ್ಲ" ಎಂಬ ಮಾತು ಕಿವಿಗೆ ಹಿತವಾಗಿತ್ತು. ನಿವೃತ್ತನಾಗಿ ಒಂದು ವರ್ಷದ ಮೇಲಾಯಿತು, ಕಾಲೇಜು ನಡೆದಿದೆ.

ಆದರೆ ಈ ಅಳತೆಯ ಮಾತು ಎಲ್ಲರಿಗೂ ಹೇಳಲು ಬರುವುದಿಲ್ಲ. ನಾನು ಹೇಳಿದ ಆ ಅತಿಥಿ ಉಪನ್ಯಾಸಕಿ ಮುಂಜಾನೆ ನಮ್ಮಲ್ಲಿ ಪಾಠ ಮಾಡಿ, ಮಧ್ಯಾಹ್ನ ಇನ್ನೊಂದು ಕಡೆ ಹೋಗಿ, ಸಂಜೆ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದರು. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲು ಇಂಥವರ ಹೆಗಲ ಮೇಲಿದೆ. 2022ರಲ್ಲಿ ಸರ್ಕಾರ ಅವರ ಗೌರವಧನ ಏರಿಸಿ ವಾರಕ್ಕೆ 15 ಗಂಟೆ ಪಾಠ ನಿಗದಿ ಮಾಡಿತು. ಪಾಠದ ತಾಸು ಹೆಚ್ಚಾದಂತೆ ಬೇಕಾಗುವ ಮಂದಿ ಕಡಿಮೆಯಾಗಿ, ಕೆಲವರ ಕೈಯಿಂದ ಇದ್ದ ಕೆಲಸವೂ ಹೋಯಿತು. 2023ರ ನವೆಂಬರಿನಲ್ಲಿ ಕಾಯಂ ಮಾಡಿ ಎಂದು ರಾಜ್ಯದ ತುಂಬ ಪಾಠ ಬಿಟ್ಟು ಧರಣಿ ಕೂತರು. ಮುಂದಿನ ಸೆಮಿಸ್ಟರಿಗೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಕೆಲಸ–ಬದುಕಿನ ಸಮತೋಲನದ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಧಾರವಾಡಕ್ಕೆ ಇದು ಹೊಸದೇನಲ್ಲ. 'ನರಬಲಿ' ಎಂಬ ಕವಿತೆಗಾಗಿ 1932ರಲ್ಲಿ ಸೆರೆಮನೆಗೆ ಹೋಗಿಬಂದ ಬೇಂದ್ರೆಯವರು ಎಷ್ಟೋ ವರ್ಷ ನೆಲೆಯಾದ ನೌಕರಿ ಇಲ್ಲದೆ ಕಳೆದರು. ಕಾಲೇಜಿನ ಕೆಲಸ ಸಿಕ್ಕಿದ್ದು 1944ರಲ್ಲಿ, ಸೊಲ್ಲಾಪುರದಲ್ಲಿ; ಆಗ ಅವರಿಗೆ 48 ವಯಸ್ಸು. ಆ ಉಪನ್ಯಾಸಕಿಗೆ ಇಷ್ಟು ತಾಪತ್ರಯದ ನಡುವೆ ಹುಡುಗನ ಮಾರಿ ಹೇಗೆ ಕಂಡಿತು ಎಂದು ನೀವು ಕೇಳಬಹುದು. ದಣಿದವನಿಗೆ ಕಾಣುವುದಿಲ್ಲ ಎಂದು ಈಗಷ್ಟೇ ಹೇಳಿದೆನಲ್ಲ. ನನಗೂ ಅದು ಪೂರ್ತಿ ಬಗೆಹರಿದಿಲ್ಲ. ಅವರನ್ನೇ ಕೇಳಿದೆ. "ನಾನೂ ರಾತ್ರಿ ನಿದ್ದಿ ಬಿಟ್ಟಾಕಿ ಅಲ್ರಿ ಸರ್, ಗೊತ್ತಾಗ್ತದ" ಅಂದರು.

ಆ ರಾತ್ರಿಯ ಮಾತಿನ ನಂತರ ನಾನು ಮಾಡಿಕೊಂಡ ಬದಲಾವಣೆ ಬಹಳ ಸಣ್ಣವು. ಜ್ಯುಬಿಲಿ ಸರ್ಕಲ್ಲಿನಲ್ಲಿ ಇಳಿದು ಮನೆಯವರೆಗೆ ನಡೆದು ಹೋಗಲು ಶುರುಮಾಡಿದೆ. ಕಾಲೇಜನ್ನು ದಾರಿಯಲ್ಲಿಯೇ ಉದುರಿಸಿಕೊಳ್ಳಲಿಕ್ಕೆ ಆ ನಡಿಗೆ ಬೇಕಿತ್ತು. ರಾತ್ರಿ ಒಂಬತ್ತರ ಮೇಲೆ ಫೋನ್ ಮಗಳ ಕಪಾಟಿನಲ್ಲಿ ಇಡುತ್ತಿದ್ದೆ. ಕೀಲಿ ಅವಳ ಹತ್ತಿರ. ಆದರೂ ಅಂಕ ತುಂಬುವ ದಿನ ಬಂದರೆ ಕೀಲಿ ಇಸಿದುಕೊಳ್ಳುತ್ತಿದ್ದೆ, ಉಳ್ಳಾಗಡ್ಡಿ ಇಳಿಸುವ ಹುಡುಗನಿಗೆ ಬೈದದ್ದು ಅಂಥ ಒಂದು ರಾತ್ರಿಯ ಮರುದಿನವೇ. ಪಲ್ಯ ಸೋಸುವುದನ್ನೂ ಕಲಿತೆ, ಬಸ್ಸಿನಲ್ಲಿ ಅಲ್ಲ, ಮನೆಯಲ್ಲಿ. ಬಸ್ಸಿನಲ್ಲಿ ಸೋಸುವ ಧೈರ್ಯ ಕೊನೆಯವರೆಗೂ ಬರಲಿಲ್ಲ. ಮಗಳು ಈಗ ಪುಣೆಯಲ್ಲಿ ನೌಕರಿ ಮಾಡುತ್ತಾಳೆ, ವಾರಕ್ಕೊಮ್ಮೆ ಮಾತಾಡುತ್ತಾಳೆ. ಅವಳು ಅವತ್ತು ಏನು ಕೇಳಲು ಬಂದಿದ್ದಳು ಎಂದು ಮೊನ್ನೆ ವಿಚಾರಿಸಿದೆ. ಅವಳಿಗೆ ನೆನಪಿಲ್ಲ.

ಈಗ ಈ ಶಾಲೆಯ ಮಾತು. ನಿನ್ನೆಯಿಂದ ಈ ವೇದಿಕೆಯ ಮೇಲೆ ಎಲ್ಲರೂ ನಮ್ಮ ಗಣಿತದ ಮಾಸ್ತರರ ತ್ಯಾಗವನ್ನು ನೆನೆದಿದ್ದಾರೆ. ನೆನೆಯಲೇಬೇಕು. ಆಗ ಈ ಕಟ್ಟಡ ಇರಲಿಲ್ಲ. ಪರೀಕ್ಷೆಗೆ ಮೂರು ತಿಂಗಳು ಇರುವಾಗ ನಾವು ಹಾಸಿಗೆ ಸುತ್ತಿಕೊಂಡು ರಾತ್ರಿ ಅಭ್ಯಾಸಕ್ಕೆ ಬರುತ್ತಿದ್ದೆವು. ಮಾಸ್ತರರು ಕಂದೀಲು ಹಿಡಿದು ಬಂದು ಹತ್ತರವರೆಗೆ ಲೆಕ್ಕ ಬಿಡಿಸಿ, ನಮ್ಮ ಜೊತೆಗೇ ಮಲಗಿ, ನಾಲ್ಕು ಗಂಟೆಗೆ ಒಬ್ಬೊಬ್ಬರ ಕಾಲು ತಟ್ಟಿ ಎಬ್ಬಿಸುತ್ತಿದ್ದರು. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಕಂದೀಲಿನ ಬೆಳಕಿನಲ್ಲಿ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಮಾಸ್ತರರು ತೀರಿಕೊಂಡ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ನಾನು ಇದನ್ನೆಲ್ಲ ಹೇಳಿ ಅತ್ತೆ. ಅವ್ವಾರು ಸುಮ್ಮನೆ ಕೇಳಿದರು. ಚಹಾ ಕೊಟ್ಟರು. ಆಮೇಲೆ, "ಖರೇ ಐತಪಾ. ನಿಮಗೆಲ್ಲಾರಿಗೂ ಲೆಕ್ಕ ಕಲಿಸಿದ್ರು. ನಮ್ಮ ಹುಡುಗ ಲೆಕ್ಕದಾಗ ನಪಾಸಾದ. ಅವನ್ನ ಕೂಡ್ರಿಸಿಕೊಂಡು ಹೇಳಾಕ ಅವರಿಗೆ ಹೊತ್ತೇ ಇರ್ಲಿಲ್ಲ. ಎರಡು ಸಲ ಕುಂತ, ಬಿಟ್ಟ" ಎಂದರು. ದೂರಿನ ದನಿ ಅಲ್ಲ. ಬರೇ ಲೆಕ್ಕ ಒಪ್ಪಿಸಿದಂತೆ. ಆ ಹುಡುಗ ನನಗಿಂತ ಮೂರು ವರ್ಷ ಸಣ್ಣವನು. ನಾವು ರಾತ್ರಿ ಅಭ್ಯಾಸಕ್ಕೆ ಹೋಗುವಾಗ ಅವನು ಮನೆಯ ಕಟ್ಟೆಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದದ್ದು ಆಗ ನೆನಪಾಯಿತು. ನಾವು ಕೈ ಬೀಸುತ್ತಿದ್ದೆವು. ಅವನು ಈಗ ಬೆಳಗಾವಿಯ ಕಡೆ ಸಣ್ಣ ಅಂಗಡಿ ಇಟ್ಟುಕೊಂಡು ಚಂದ ಇದ್ದಾನೆ.

ಇದನ್ನು ಇಲ್ಲಿ ಹೇಳಲೇ ಎಂದು ಅವ್ವಾರನ್ನು ಕೇಳಿಯೇ ಬಂದಿದ್ದೇನೆ. "ಹೇಳು, ಅದಕ್ಕೇನು" ಎಂದಿದ್ದಾರೆ. ಮಾಸ್ತರರದು ತಪ್ಪು ಅನ್ನಲು ನಾನು ಯಾರು? ಅವರು ಕೊಟ್ಟದ್ದನ್ನು ಉಂಡವನು. ಆದರೆ ನಾವು ಐವತ್ತು ವರ್ಷ ಅವರೊಬ್ಬರಿಗೇ ಶಾಲು ಹೊದಿಸಿದೆವು. ಆ ರಾತ್ರಿಗಳನ್ನು ನಮಗೆ ಕೊಟ್ಟವರು ಮೂವರು.

ಅವ್ವಾರು ಇಲ್ಲಿಯೇ ಇದ್ದಾರೆ, ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ, ಕಂಬದ ಹತ್ತಿರ. ಸಂಜೆಯ ಸನ್ಮಾನದ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಮುಂಜಾನೆ ಸಮಿತಿಯವರಿಗೆ ಹೇಳಿದೆ, ಸೇರಿಸಿದ್ದಾರೆ. ಮಗನಿಗೂ ಫೋನ್ ಹೋಗಿದೆ. ಅಂಗಡಿ ಮುಚ್ಚಿ ಬರುತ್ತೇನೆ ಎಂದಿದ್ದಾನಂತೆ; ಅವನು ಬರುವವರೆಗೆ ಸನ್ಮಾನ ಶುರುಮಾಡಬೇಡಿ ಎಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ.

ನನಗೆ ಕೊಟ್ಟ ಹೊತ್ತು ಮುಗಿದು ಐದು ನಿಮಿಷ ಆಯಿತು. ನಮ್ಮ ಮನೆಯವರು ಕೈಗಡಿಯಾರ ನೋಡುತ್ತಿದ್ದಾರೆ.